ಕೂಟದ ಸದಸ್ಯರಿಗೆ ಬೈಪೋಲಾರ್: ಪ್ರಾರ್ಥನೆ ಹೇಗೆ, ಉಪವಾಸ ಜಾಗರಣೆ ಏನು ಮಾಡೋದು?

ಸಂಜೆಕೂಟ:

ನಮಸ್ಕಾರ. ಹದಿನೆಂಟು ಇಪ್ಪತ್ತು ಜನ ವಾರಕ್ಕೆ ಎರಡು ಸಂಜೆ ಸೇರುವ ಪ್ರಾರ್ಥನಾ ಕೂಟದ ಪರವಾಗಿ ಕೇಳುತ್ತಿದ್ದೇನೆ. ಸದಸ್ಯರೊಬ್ಬರು ಬೈಪೋಲಾರ್ ಕಾಯಿಲೆಗೆ (ಮನಸ್ಸು ಕೆಲವೊಮ್ಮೆ ಉನ್ಮಾದಕ್ಕೆ ಏರಿ, ಕೆಲವೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ) ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಅದಕ್ಕೆ ಲಿಥಿಯಂ ಮಾತ್ರೆ ನಡೆಯುತ್ತಿದೆ, ರಾತ್ರಿಗೆ ಇನ್ನೊಂದು ಮಾತ್ರೆ. ಮತ್ತೆ ಕೂಟಕ್ಕೆ ಬರುವ ಆಸೆ ಅವರಿಗೇ ಇದೆ.

ಗೊತ್ತಾಗಬೇಕಾದ್ದು ಇಷ್ಟು. ಅವರಿಗಾಗಿ ಎದುರಿಗೇ ಪ್ರಾರ್ಥಿಸಬಹುದಾ, ಹೇಗೆ? ನಮ್ಮಲ್ಲಿ ಉಪವಾಸ, ರಾತ್ರಿ ಪೂರ್ತಿ ಪ್ರಾರ್ಥನೆ ಇರುತ್ತೆ, ಅವರನ್ನು ಸೇರಿಸಿಕೊಳ್ಳಬಹುದಾ? ವಾಟ್ಸಾಪ್ ಗುಂಪಿನಲ್ಲಿ ಅವರ ಹೆಸರು ಹಾಕಿ ಪ್ರಾರ್ಥನೆ ಕೋರಬಹುದಾ? ‘ನಂಬಿಕೆ ಇದ್ದರೆ ಮಾತ್ರೆ ಯಾಕೆ’ ಅನ್ನುವ ಒಂದಿಬ್ಬರು ಹಿರಿಯರಿದ್ದಾರೆ, ಅವರಿಗೆ ಏನು ಹೇಳೋದು?

ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತಾ ಅನ್ನುವ ಚರ್ಚೆ ದಯವಿಟ್ಟು ಬೇಡ. ಕೆಲಸಕ್ಕೆ ಬರುವ ಮಾತು ಬೇಕು.

ಹಗಲುಪಾಳಿ (ಮನೋರೋಗ ವಾರ್ಡಿನ ನರ್ಸ್):

ಪ್ರಾರ್ಥಿಸೋದು ಆಮೇಲೆ, ಮೊದಲು ಕೇಳಿ. ಕೂಟದ ನಡುವೆ ಅಲ್ಲ. ಅವರಿಗೆ ಹತ್ತಿರದವರೊಬ್ಬರು ಹೋಗಿ ಮೂರು ಪ್ರಶ್ನೆ ಕೇಳಲಿ. ನಿಮಗೋಸ್ಕರ ಪ್ರಾರ್ಥನೆ ಮಾಡೋದು ನಿಮಗೆ ಸರಿಯಾ? ನಿಮ್ಮೆದುರಿಗೆ ಮಾಡಬೇಕಾ, ನಮ್ಮ ಪಾಡಿಗೆ ನಾವು ಮಾಡಿಕೊಂಡರೆ ಸಾಕಾ? ಯಾವ ಮಾತು ಬಾಯಿಗೆ ತರಬಾರದು? ಮೂರನೆಯದನ್ನು ಕೇಳೋಕೆ ಎಲ್ಲರೂ ಮರೆಯುತ್ತಾರೆ. ಕಾಯಿಲೆ ಏರಿದ್ದಾಗ ದೇವರು, ಶಾಪ, ದುಷ್ಟಶಕ್ತಿ ಅಂತಲೇ ತಲೆಯೊಳಗೆ ಓಡಿರಬಹುದು. ಅದೇ ಮಾತು ನಿಮ್ಮ ಪ್ರಾರ್ಥನೆಯಲ್ಲೂ ಬಂದರೆ ಮಾಯುತ್ತಿರುವ ಗಾಯವನ್ನು ಕೆದಕಿದ ಹಾಗೆ. ಈ ವಾರ ಹೂಂ ಅಂದವರು ಮುಂದಿನ ವಾರ ಬೇಡ ಅನ್ನಬಹುದು, ಹಾಗಾಗಿ ಪ್ರತಿ ಸಲವೂ ಕೇಳಿ.

ಎದುರಿಗೆ ಮಾಡುವುದಾದರೆ ಇಬ್ಬರು, ಹೆಚ್ಚೆಂದರೆ ಮೂವರು. ಸುತ್ತ ನಿಂತು ಮುತ್ತಿಗೆ ಹಾಕಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ, ಬಾಗಿಲಿನ ಕಡೆಗೆ ದಾರಿ ಬಿಡಿ. ತಲೆಯ ಮೇಲೋ ಹೆಗಲ ಮೇಲೋ ಕೈಯಿಡುವ ರೂಢಿ ಇದ್ದರೆ ಕೇಳಿಯೇ ಇಡಿ. ದನಿ ಮಾತಾಡುವಷ್ಟೇ ಇರಲಿ, ಎರಡು ನಿಮಿಷಕ್ಕೆ ಮುಗಿಸಿ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲಿ ಗಮನ ಬೇಗ ಸೋಲುತ್ತೆ. ಜೋರು ಸದ್ದು, ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸೋದು ಇಂಥ ಹೊತ್ತಿನಲ್ಲಿ ತಲೆಗೆ ಭಾರ.

ಮಾತು ಹೀಗಿದ್ದರೆ ಸಾಕು: ‘ದೇವರೇ, ಈ ವಾರ ಇವರಿಗೆ ರಾತ್ರಿ ನಿದ್ದೆ ಬರಲಿ. ಹೊಟ್ಟೆಗೆ ಅನ್ನ ಸೇರಲಿ. ಮಂಗಳವಾರ ರಕ್ತ ಪರೀಕ್ಷೆಗೆ ಹೋಗುವಾಗ ಹೆದರಿಕೆ ಆಗದಿರಲಿ. ಮನೆಯವರಿಗೂ ಡಾಕ್ಟರಿಗೂ ತಾಳ್ಮೆ ಕೊಡು. ನಾವು ಜೊತೆಗಿದ್ದೇವೆ.’

ಇದರಲ್ಲಿ ‘ಪೂರ್ತಿ ಗುಣಪಡಿಸು’ ಇಲ್ಲ, ‘ಇವರ ನಂಬಿಕೆ ಗಟ್ಟಿಮಾಡು’ ಇಲ್ಲ. ಬೇಕೆಂದೇ ಬಿಟ್ಟಿದ್ದು. ಮುಂದಿನ ವಾರವೂ ಕಾಯಿಲೆ ಹಾಗೇ ಇದ್ದರೆ ತಪ್ಪು ಯಾರದ್ದು ಎಂಬ ಲೆಕ್ಕ ಶುರುವಾಗುತ್ತೆ, ಅದು ಬಂದು ಬೀಳುವುದು ರೋಗಿಯ ತಲೆಗೇ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ರೂಪಿಸಿದ 14 ಪ್ರಶ್ನೆಗಳ ಪಟ್ಟಿಯೊಂದಿದೆ. ಏಳು ಪ್ರಶ್ನೆ ದೇವರಿಂದ ಆಸರೆ ಪಡೆಯುವ ಬಗೆಗೆ, ಇನ್ನೇಳು ‘ದೇವರು ಕೈಬಿಟ್ಟನೇ, ಇದು ನನಗೆ ಶಿಕ್ಷೆಯೇ’ ಎಂಬ ಸಂಕಟದ ಬಗೆಗೆ. ಎರಡನೇ ಏಳರಲ್ಲಿ ಸಿಕ್ಕಿಕೊಂಡವರಲ್ಲಿ ಖಿನ್ನತೆ ಹೆಚ್ಚು ಕಾಣುತ್ತೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನಿಮ್ಮ ಪ್ರಾರ್ಥನೆ ಅವರನ್ನು ಮೊದಲ ಏಳರ ಕಡೆ ಕರೆದೊಯ್ಯುತ್ತಾ, ಎರಡನೆಯದರ ಕಡೆ ತಳ್ಳುತ್ತಾ, ಅದನ್ನು ನೋಡಿಕೊಳ್ಳಿ.

ಗುಳಿಗೆಡಬ್ಬಿ:

ಔಷಧಿ ಅಂಗಡಿ ಕಡೆಯವನು ನಾನು. ಉಪವಾಸದ ಪ್ರಶ್ನೆಗೆ ಮಾತ್ರ ಉತ್ತರ, ಆದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಲಿಥಿಯಂ ಒಂಥರಾ ಉಪ್ಪು, ಸೋಡಿಯಂನ ಹತ್ತಿರದ ಸಂಬಂಧಿ. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಸೋಡಿಯಂ ಹಿಡಿದಿಟ್ಟುಕೊಳ್ಳಲು ಹೋಗಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತೆ. ಮಾತ್ರೆ ಅಷ್ಟೇ ನುಂಗಿದ್ದರೂ ರಕ್ತದಲ್ಲಿ ಮಟ್ಟ ಏರುತ್ತೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು, 1.5 ದಾಟಿದರೆ ವಿಷದ ಲಕ್ಷಣ ಶುರುವಾಗಬಹುದು. ಬೇಕಾದ ಮಟ್ಟಕ್ಕೂ ಅಪಾಯಕ್ಕೂ ನಡುವೆ ಇರುವ ಅಂತರ ಅಷ್ಟೇ. ನೀರೂ ಕುಡಿಯದ ಉಪವಾಸ ಇವರಿಗೆ ಬೇಡವೇ ಬೇಡ. ಉಪ್ಪು ಬಿಡುವ ವ್ರತವೂ ಬೇಡ.

ಜನ ಎಡವುವ ಜಾಗ ಇನ್ನೊಂದಿದೆ. ಉಪವಾಸದ ದಿನ ಮಧ್ಯಾಹ್ನ ತಲೆನೋವು ಬರುತ್ತೆ, ಯಾರೋ ಐಬುಪ್ರೊಫೆನ್ ಕೊಡುತ್ತಾರೆ. ಅದೂ ಲಿಥಿಯಂ ಮಟ್ಟ ಏರಿಸುತ್ತೆ. ನೀರಿಲ್ಲ, ಉಪ್ಪಿಲ್ಲ, ಮೇಲೆ ಈ ಮಾತ್ರೆ. ಕೈ ಜೋರಾಗಿ ನಡುಗೋದು, ವಾಂತಿ ಭೇದಿ, ನಡೆಯುವಾಗ ತೂರಾಡೋದು, ನಾಲಿಗೆ ತೊದಲೋದು ಕಂಡರೆ ಉಪವಾಸದ ಸುಸ್ತು ಅಂತ ಮಲಗಿಸಬೇಡಿ. ಮುಂದಿನ ಡೋಸ್ ಕೊಡದೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೂಟದಲ್ಲಿ ಮನೋರೋಗಕ್ಕೆ ಬೇರೆ ಮಾತ್ರೆ ತೆಗೆದುಕೊಳ್ಳುವವರೂ ಇರಬಹುದು, ಅದಕ್ಕೆ ಇಷ್ಟು ಹೇಳಿಬಿಡುತ್ತೇನೆ. ಲುರಾಸಿಡೋನ್ ಅನ್ನು ಖಾಲಿ ಹೊಟ್ಟೆಗೆ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕಡೇಪಕ್ಷ 350 ಕ್ಯಾಲರಿ ಊಟದ ಜೊತೆ ತೆಗೆದುಕೊಳ್ಳಬೇಕು. ಕ್ಲೋಜಪೈನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೇ ಡೋಸಿಗೆ ವಾಪಸ್ ಹೋಗುವ ಹಾಗಿಲ್ಲ, 12.5 ಮಿಲಿಗ್ರಾಂನಿಂದ ಮತ್ತೆ ಏರಿಸಬೇಕು. ಅದನ್ನು ಡಾಕ್ಟರೇ ಮಾಡಬೇಕು. ‘ಮೂರು ದಿನ ವ್ರತ, ಅಲ್ಲಿಯವರೆಗೆ ಮಾತ್ರೆ ಬೇಡ’ ಅನ್ನುವುದು ಇಂಥವರ ಮಟ್ಟಿಗೆ ಮೂರು ದಿನದಲ್ಲಿ ಮುಗಿಯುವ ವಿಷಯ ಅಲ್ಲ.

ಉಪವಾಸವೇ ಬೇಕು ಅನ್ನುವವರಿಗೆ ದಾರಿ ಇದೆ. ಊಟದ ಬದಲು ಫೋನು, ಟಿವಿ, ಕೋಪದ ಮಾತು ಬಿಡುವ ವ್ರತ ಹಿಡಿಯಬಹುದು. ಬಹಳಷ್ಟು ಧರ್ಮಗಳಲ್ಲಿ ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದ್ದೇ ಇದೆ. ಆದರೆ ಅದನ್ನು ಧರ್ಮಗುರುಗಳ ಬಾಯಲ್ಲೇ ಹೇಳಿಸಿ. ಡಾಕ್ಟರ್ ಹೇಳಿದರೆ ತಲೆ ಒಪ್ಪುತ್ತೆ, ಮನಸ್ಸು ತಪ್ಪು ಮಾಡಿದೆ ಅಂತ ಕೊರಗುತ್ತೆ.

ಹಗಲುಪಾಳಿ:

ಜಾಗರಣೆಯ ಬಗ್ಗೆ ನಾನು ಸೇರಿಸುತ್ತೇನೆ. ಬೈಪೋಲಾರ್ ಇರುವವರಿಗೆ ಒಂದೇ ರಾತ್ರಿ ನಿದ್ದೆ ಕೆಟ್ಟರೂ ಉನ್ಮಾದ ಕೆರಳಬಹುದು. ರಾತ್ರಿ ಪೂರ್ತಿ ಪ್ರಾರ್ಥನೆಗೆ ಇವರು ಬರಬಾರದು. ಬಂದು ಹನ್ನೊಂದಕ್ಕೆ ಹೋಗೋದೂ ಬೇಡ, ಅಷ್ಟು ಹೊತ್ತಿಗೆ ತಲೆ ಚುರುಕಾಗಿ ನಿದ್ದೆ ಹಾರಿರುತ್ತೆ. ಸಂಜೆ ಆರಕ್ಕೆ ಒಂದು ಸಾಲು ಓದಿಸಿ, ಏಳಕ್ಕೆ ಮನೆಗೆ ಕಳಿಸಿ. ಜಾಗರಣೆ ಮುಗಿಯಿತು ಎಂದು ಬೆಳಗ್ಗೆ ತಿಳಿಸಿದರೆ ಅವರೂ ಒಳಗಿನವರೇ ಆದರು.

ಪ್ರಾರ್ಥನಾ ಕೂಟಗಳು ಉನ್ಮಾದದ ಮೊದಲ ಲಕ್ಷಣಗಳನ್ನು ಭಕ್ತಿ ಅಂತ ಹೊಗಳಿಬಿಡುತ್ತವೆ. ನನಗೆ ಇದೇ ದೊಡ್ಡ ಚಿಂತೆ. ಮೂರು ಗಂಟೆ ನಿದ್ದೆ ಮಾಡಿ ಸುಸ್ತೇ ಇಲ್ಲದೆ ಎದ್ದು, ಬೆಳಗಿನ ಜಾವ ಮೂರಕ್ಕೆ ಗುಂಪಿಗೆ ಉದ್ದುದ್ದ ಪ್ರಾರ್ಥನೆ ಕಳಿಸುತ್ತಾರೆ. ಯಾವತ್ತೂ ಕೊಡದಷ್ಟು ದೊಡ್ಡ ಕಾಣಿಕೆ ಕೊಡುತ್ತಾರೆ. ದೇವರು ನನಗೊಂದು ವಿಶೇಷ ಕೆಲಸ ಒಪ್ಪಿಸಿದ್ದಾನೆ ಅಂತ ಒಂದೇ ಉಸಿರಿಗೆ ಮಾತಾಡುತ್ತಾರೆ. ಕೂಟದವರು ‘ಎಂಥಾ ಉತ್ಸಾಹ’ ಅಂತ ಚಪ್ಪಾಳೆ ತಟ್ಟುತ್ತಾರೆ. ಹತ್ತು ದಿನಕ್ಕೆ ಮತ್ತೆ ಆಸ್ಪತ್ರೆ.

ಈಗ ಅವರು ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಅವರ ಮುನ್ಸೂಚನೆಗಳು ಯಾವುವು, ಅವನ್ನು ಕಂಡವರು ಯಾರಿಗೆ ಫೋನ್ ಮಾಡಬೇಕು, ಅವರು ನೋಡುವ ಡಾಕ್ಟರ್ ಯಾರು. ಮಾಮೂಲಿಗಿಂತ ದೊಡ್ಡ ಕಾಣಿಕೆ ಬಂದರೆ ಏಳು ದಿನ ಹಾಗೇ ಇಟ್ಟು ಮನೆಯವರಿಗೆ ತಿಳಿಸುತ್ತೇವೆ ಅಂತ ಅವರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಮೂರು ಪ್ರತಿ ಸಾಕು: ಅವರಿಗೊಂದು, ಮನೆಯವರಿಗೊಂದು, ಕೂಟದಲ್ಲಿ ಅವರೇ ಆರಿಸಿದವರಿಗೊಂದು.

ಮೌನಜಪ:

ಹಿರಿಯರ ಪ್ರಶ್ನೆ ಮತ್ತು ವಾಟ್ಸಾಪ್ ಪ್ರಶ್ನೆ ನನ್ನ ಪಾಲಿಗೆ ಇರಲಿ, ಕೂಟ ನಡೆಸುವವರ ಕಷ್ಟ ಅಲ್ಲೇ ಇರೋದು.

ಪ್ರಾರ್ಥನೆಯ ಕೋರಿಕೆ ಎಂಬ ಹೆಸರಲ್ಲಿ ಸುದ್ದಿ ಹರಡುವುದು ಎಲ್ಲ ಕೂಟಗಳ ಹಳೇ ರೋಗ. ‘ಇವರಿಗೆ ಮೆಂಟಲ್ ಪ್ರಾಬ್ಲಮ್ ಆಗಿದೆ, ಆಸ್ಪತ್ರೆಗೆ ಸೇರಿಸಿದ್ದರಂತೆ, ಎಲ್ಲರೂ ಪ್ರಾರ್ಥಿಸಿ’ ಅನ್ನುವ ಒಂದು ಸಾಲು ಇಪ್ಪತ್ತು ಮನೆಗೆ ಹೋಗಿ, ಅಲ್ಲಿಂದ ನಲವತ್ತಕ್ಕೆ ಹೋಗುತ್ತೆ. ಅಳಿಸಿದರೂ ಸ್ಕ್ರೀನ್‌ಶಾಟ್ ಉಳಿಯುತ್ತೆ. ಅವರೇ ಬರೆದುಕೊಟ್ಟ ವಾಕ್ಯ ಮಾತ್ರ ಹಾಕಿ, ಬರೆದುಕೊಡದಿದ್ದರೆ ಏನೂ ಹಾಕಬೇಡಿ. ‘ನಮ್ಮವರೊಬ್ಬರು ಚೇತರಿಸಿಕೊಳ್ಳುತ್ತಿದ್ದಾರೆ, ಈ ವಾರ ಅವರಿಗಾಗಿ ಪ್ರಾರ್ಥಿಸೋಣ’ ಅಂದರೆ ದೇವರಿಗೆ ವಿಳಾಸ ಗೊತ್ತಾಗುತ್ತೆ ಅಂತ ನಾನು ನಮ್ಮ ಜನಕ್ಕೆ ಹೇಳೋದು.

ಸಾಕ್ಷಿ ಹೇಳಿಸುವ ಪದ್ಧತಿ ಇದ್ದರೆ ಅದರಲ್ಲೂ ಅವಸರ ಬೇಡ. ‘ದೇವರು ಗುಣಪಡಿಸಿದ’ ಅಂತ ಒಮ್ಮೆ ಎಲ್ಲರೆದುರು ಹೇಳಿದವರಿಗೆ ಮತ್ತೆ ಕಾಯಿಲೆ ಮರುಕಳಿಸಿದಾಗ ಮುಖ ತೋರಿಸಲು ನಾಚಿಕೆ. ಕೂಟಕ್ಕೂ ಬರೋದಿಲ್ಲ, ಡಾಕ್ಟರ ಹತ್ತಿರವೂ ಹೋಗೋದಿಲ್ಲ.

ಮಾತ್ರೆ ಬೇಡ ಅನ್ನುವ ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ, ಗೆಲ್ಲೋದಿಲ್ಲ. ಅವರಿಗೊಂದು ಕೆಲಸ ಕೊಡಿ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ‘ಮಾತ್ರೆ ಆಯ್ತಾ? ಬನ್ನಿ, ಒಂದು ಸಣ್ಣ ಪ್ರಾರ್ಥನೆ ಮಾಡಿ ಮಲಗೋಣ’ ಅನ್ನೋದು. ಮಾತ್ರೆಯೂ ಪ್ರಾರ್ಥನೆಯೂ ಒಂದೇ ಹೊತ್ತಿಗೆ ಗಂಟುಬಿದ್ದರೆ ಎರಡನ್ನೂ ಎದುರುಬದುರು ನಿಲ್ಲಿಸೋದು ಆಮೇಲೆ ಕಷ್ಟ. ಫೋನ್ ಮಾಡುವುದಕ್ಕೆ ಹಿರಿಯರೂ ಆ ಸದಸ್ಯರೂ ಇಬ್ಬರೂ ಒಪ್ಪಬೇಕು ಅನ್ನೋದು ಬೇರೆ ಹೇಳಬೇಕಿಲ್ಲ.

ಹಿರಿಯರಿಗೆ ಹೇಳಬಹುದಾದ ಒಂದು ಹಳೇ ಸಂಗತಿಯೂ ಇದೆ. ಬೆಲ್ಜಿಯಂನ ಗೇಲ್ ಎಂಬ ಊರಿಗೆ ಮಧ್ಯಯುಗದಿಂದಲೂ ಮನೋರೋಗಿಗಳನ್ನು ಸಂತ ಡಿಂಫ್ನಾಳ ಸನ್ನಿಧಿಗೆ ಕರೆತರುತ್ತಿದ್ದರು. ಒಂಬತ್ತು ದಿನದ ಪ್ರಾರ್ಥನೆ. ಚರ್ಚಿನ ಪಕ್ಕದ ಕಟ್ಟಡ ಬಂದವರಿಗೆಲ್ಲ ಸಾಲದಾದಾಗ ಊರಿನವರು ಅವರನ್ನು ತಮ್ಮ ಮನೆಗಳಲ್ಲೇ ಇಟ್ಟುಕೊಂಡರು. ಒಂಬತ್ತು ದಿನ ಮುಗಿದರೂ ಎಷ್ಟೋ ಮಂದಿ ಅಲ್ಲೇ ಉಳಿದರು, ಹೊಲದ ಕೆಲಸಕ್ಕೆ ಜೊತೆಯಾದರು, ಒಂದೇ ಮೇಜಿನಲ್ಲಿ ಉಂಡರು. 1938ರ ಹೊತ್ತಿಗೆ ಹಾಗೆ ಮನೆಗಳಲ್ಲಿದ್ದವರು 3,700ಕ್ಕೂ ಹೆಚ್ಚು. ಆ ಪದ್ಧತಿ ಈಗಲೂ ಇದೆ, ಈಗ ವೈದ್ಯರು, ನರ್ಸುಗಳ ಬೆಂಬಲದೊಂದಿಗೆ. ಆ ಊರಿನ ಹೆಸರು ಉಳಿದದ್ದು ಹತ್ತನೇ ದಿನದಿಂದ ಮುಂದೆ ನಡೆದದ್ದರಿಂದ.

ತರ್ಕಬುದ್ಧಿ:

ಚರ್ಚೆ ಬೇಡ ಅಂದಿದ್ದೀರಿ, ಆದರೂ ಒಂದು ಅಂಕಿ ಇಡುತ್ತೇನೆ. 2006ರಲ್ಲಿ ಪ್ರಕಟವಾದ, ಹೃದಯದ ಬೈಪಾಸ್ ಆದ 1,802 ಮಂದಿಯ ಅಧ್ಯಯನದಲ್ಲಿ, ತಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ ಎಂದು ಗೊತ್ತಿದ್ದವರಲ್ಲಿ ಶೇ 59ರಷ್ಟು ಜನರಿಗೆ ತೊಡಕುಗಳಾದವು. ನಡೆಯಬಹುದು ಅಥವಾ ನಡೆಯದಿರಬಹುದು ಎಂದಷ್ಟೇ ತಿಳಿದಿದ್ದ ಎರಡು ಗುಂಪುಗಳಲ್ಲಿ ಅದು ಶೇ 51, 52. ಹಾಗಿದ್ದ ಮೇಲೆ ಇದೆಲ್ಲ ಯಾಕೆ?

ಮೌನಜಪ:

ಅದು ಗುರುತಿಲ್ಲದವರು ದೂರದಿಂದ ಮಾಡಿದ ಪ್ರಾರ್ಥನೆ, ಅದೂ ಹೃದಯದ ರೋಗಿಗಳಿಗೆ. ಇಲ್ಲಿ ಕೇಳಿದ್ದು ಗುರುತಿನವರು ಪಕ್ಕದಲ್ಲಿ ಕೂರುವ ಬಗ್ಗೆ. ಆದರೂ ನಿಮ್ಮ ಅಂಕಿಯಿಂದ ಒಂದು ಎಚ್ಚರಿಕೆ ತೆಗೆದುಕೊಳ್ಳಬಹುದು. ‘ಇಷ್ಟು ಜನ ಪ್ರಾರ್ಥಿಸುತ್ತಿದ್ದಾರೆ ಅಂದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯಾ’ ಎಂಬ ದಿಗಿಲು ಹುಟ್ಟಿರಬಹುದು ಅನ್ನುವ ಊಹೆಯನ್ನು ಸಂಶೋಧಕರೇ ಮುಂದಿಟ್ಟಿದ್ದರು. ಡಂಗುರ ಹೊಡೆಯದೆ ಪ್ರಾರ್ಥಿಸಿ ಅನ್ನೋದಕ್ಕೆ ಅದೂ ಒಂದು ಕಾರಣ ಆಗಲಿ ಬಿಡಿ.

ಹಗಲುಪಾಳಿ:

ನಮ್ಮ ವಿಷಯಕ್ಕೆ ಹತ್ತಿರದ ಉದಾಹರಣೆ ಬೇಕಿದ್ದರೆ ಘಾನಾದ್ದು ನೋಡಿ. ಅಲ್ಲಿನ ಪ್ರಾರ್ಥನಾ ಶಿಬಿರವೊಂದರಲ್ಲಿದ್ದ 139 ಮನೋರೋಗಿಗಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಶಿಬಿರದ ಪ್ರಾರ್ಥನೆ ಇತ್ತು, ಅರ್ಧದಷ್ಟು ಜನರಿಗೆ ಜೊತೆಗೆ ಮಾತ್ರೆಯನ್ನೂ ಕೊಟ್ಟರು. ಮಾತ್ರೆ ಪಡೆದವರ ರೋಗಲಕ್ಷಣ ಆರು ವಾರಗಳಲ್ಲಿ ಸ್ಪಷ್ಟವಾಗಿ ಇಳಿಯಿತು. ಆದರೆ ಸರಪಳಿಯಲ್ಲಿ ಕಟ್ಟಿಹಾಕಿದ ದಿನಗಳು ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಮಾತ್ರೆ ತಂದುಕೊಟ್ಟ ಮಾತ್ರಕ್ಕೆ ಕಟ್ಟಿಹಾಕುವ ಅಭ್ಯಾಸ ತಾನಾಗಿ ಹೋಗಲಿಲ್ಲ, ಅದಕ್ಕೆ ಬೇರೆಯೇ ಕೆಲಸ ಬೇಕು. ಕಟ್ಟಿದ ಕಡೆ ಏನಾಗುತ್ತೆ ಅನ್ನೋದಕ್ಕೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿ ಮನೋರೋಗಿಗಳನ್ನು ಇಟ್ಟಿದ್ದ ಕಡೆ ಬಿದ್ದ ಬೆಂಕಿ ಸಾಕ್ಷಿ. 28 ಮಂದಿ ಸತ್ತರು, ಸರಪಳಿಯಲ್ಲಿದ್ದವರಿಗೆ ಓಡಲು ಆಗಲಿಲ್ಲ. ಯಾವ ಪ್ರಾರ್ಥನಾ ಸ್ಥಳದವರಾದರೂ ‘ಒಂದಷ್ಟು ದಿನ ಇಲ್ಲೇ ಬಿಟ್ಟು ಹೋಗಿ’ ಅಂದರೆ ಕೇಳಬೇಕಾದ ಮೊದಲ ಪ್ರಶ್ನೆ, ರಾತ್ರಿ ಬಾಗಿಲ ಬೀಗ ಯಾರ ಕೈಯಲ್ಲಿರುತ್ತೆ ಅಂತ.

ಸಂಜೆಕೂಟ:

ಬಹಳ ಉಪಕಾರ ಆಯ್ತು. ಇನ್ನೆರಡು ಪ್ರಶ್ನೆ. ಕೂಟದ ನಡುವೆಯೇ ಅವರಿಗೆ ಏನಾದರೂ ಆದರೆ? ಮತ್ತೆ, ಇನ್ನೊಬ್ಬ ಯುವಕ ‘ಪ್ರಾರ್ಥನೆ ಸರಿಯಾಗಿ ಆಯ್ತಾ, ಕೆಟ್ಟ ಯೋಚನೆ ಬಂತು, ಪಾಪ ಆಯ್ತಾ’ ಅಂತ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾನೆ. ಪ್ರತಿ ಸಲ ಸಮಾಧಾನ ಹೇಳುತ್ತಿದ್ದೇವೆ. ಸರಿ ತಾನೇ?

ಹಗಲುಪಾಳಿ:

ಕೂಟದಲ್ಲಿ ಕಾಣೋದು ಬಹಳ ಸಲ ಮಾತ್ರೆಯ ಅಡ್ಡಪರಿಣಾಮ. ಒಂದು ಕಡೆ ಕೂರಲಾಗದೆ ಕಾಲು ಅಲ್ಲಾಡಿಸೋದು, ಎದ್ದು ಓಡಾಡೋದು ಅಕಥೀಸಿಯಾ ಇರಬಹುದು, ಅಸಡ್ಡೆ ಅಂತ ಗದರಬೇಡಿ. ಹ್ಯಾಲೋಪೆರಿಡಾಲ್‌ನಂಥ ಮನೋರೋಗದ ಔಷಧಿ ಶುರುವಾದ ಮೊದಲ ದಿನಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ದವಡೆ ಬಿಗಿಯಬಹುದು. ಇದನ್ನು ಡಿಸ್ಟೋನಿಯಾ ಅನ್ನುತ್ತಾರೆ. ನೋಡಿದವರು ಮೈಮೇಲೆ ಬಂತು ಅಂತ ಜೋರು ಪ್ರಾರ್ಥನೆಗೆ ಇಳಿಯುತ್ತಾರೆ. ರೋಗಿಗೆ ಪೂರ್ತಿ ಎಚ್ಚರ ಇರುತ್ತೆ, ಎಲ್ಲ ಕೇಳಿಸುತ್ತಿರುತ್ತೆ, ಮಾತಾಡಲು ಮಾತ್ರ ಆಗೋದಿಲ್ಲ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತೆ.

ಜ್ವರದ ಜೊತೆ ವಿಚಿತ್ರ ವರ್ತನೆ, ಫಿಟ್ಸ್, ಹೆರಿಗೆಯಾದ ಮೊದಲ ವಾರಗಳಲ್ಲಿ ದಿಢೀರನೆ ಶುರುವಾದ ಗೊಂದಲ: ಈ ಮೂರರಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪ್ರಾರ್ಥಿಸಿ.

ಇಲ್ಲದ್ದನ್ನು ಇದೆ ಅಂತ ಹೇಳುತ್ತಿದ್ದರೆ ಹೌದು ಅನ್ನಬೇಡಿ, ಇಲ್ಲ ಅಂತ ಜಗ್ಗಬೇಡಿ. ‘ನನಗೆ ಕೇಳಿಸ್ತಿಲ್ಲ, ಆದರೆ ನಿಮಗೆ ತುಂಬಾ ಹೆದರಿಕೆ ಆಗಿರೋದು ಕಾಣ್ತಿದೆ’ ಅನ್ನಿ. ದನಿ ಕೇಳಿಸುತ್ತೆ ಅಂದರೆ ಅದು ಏನು ಮಾಡು ಅನ್ನುತ್ತಿದೆ ಎಂದು ಕೇಳಲೇಬೇಕು. ಸಾಯುವ ಮಾತು ಬಂದರೆ ‘ಸಾಯಬೇಕು ಅನ್ನಿಸ್ತಿದೆಯಾ, ಹೇಗೆ ಅಂತ ಯೋಚಿಸಿದ್ದೀರಾ’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಕೂಡಿಟ್ಟ ಮಾತ್ರೆ, ಕೀಟನಾಶಕ ಮನೆಯಿಂದ ಆಚೆ ಹೋಗಲಿ. ಅವತ್ತೇ ಡಾಕ್ಟರು. ‘ಅದು ಪಾಪ’ ಅನ್ನುವ ಮಾತು ಬಾಯಿ ಮುಚ್ಚಿಸುತ್ತೆ, ಯೋಚನೆಯನ್ನಲ್ಲ.

ಅರ್ಧವಿರಾಮ (ಆಪ್ತಸಮಾಲೋಚಕ):

ಯುವಕನ ವಿಷಯ. ಕಾಣದೆ ಹೇಳುವುದಕ್ಕೆ ಮಿತಿ ಇದೆ, ಆದರೆ ನೀವು ಹೇಳಿದ ಚಹರೆ ಒಸಿಡಿಯದ್ದು, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಅದನ್ನು ತಣಿಸಲು ಮಾಡಿದ್ದನ್ನೇ ಮಾಡಿಸುವ ಗೀಳಿನ ಕಾಯಿಲೆ. ಅದು ಧರ್ಮದ ವೇಷ ಹಾಕಿಕೊಂಡು ಬರೋದು ಅಪರೂಪವಲ್ಲ. ಒಂದು ಅಕ್ಷರ ತಪ್ಪಿದರೆ ಪ್ರಾರ್ಥನೆ ಮೊದಲಿಂದ, ಮನಸ್ಸಿಗೆ ಅಸಹ್ಯದ ಚಿತ್ರ ಬಂದರೆ ಮತ್ತೆ ಮೊದಲಿಂದ. ಐದು ನಿಮಿಷದ್ದು ಎರಡು ಗಂಟೆ ಆಗುತ್ತೆ. ಭಕ್ತಿ ಹೆಚ್ಚಾದವನಿಗೆ ಪ್ರಾರ್ಥನೆ ಮುಗಿಸಿದಾಗ ನೆಮ್ಮದಿ ಇರುತ್ತೆ, ಇವನಿಗೆ ಮುಗಿಸೋಕೇ ಹೆದರಿಕೆ.

ನೀವು ಹೇಳುವ ಸಮಾಧಾನವೇ ಇಲ್ಲಿ ಕಾಯಿಲೆಗೆ ಮೇವು. ‘ಪಾಪ ಆಗಿಲ್ಲ ಬಿಡು’ ಅಂದರೆ ಹತ್ತು ನಿಮಿಷ ತಣ್ಣಗಾಗುತ್ತೆ, ಆಮೇಲೆ ಅನುಮಾನ ಇನ್ನೂ ಗಟ್ಟಿಯಾಗಿ ಬರುತ್ತೆ, ಫೋನೂ ಬರುತ್ತೆ. ಹಾಗಂತ ಇವತ್ತೇ ಫೋನ್ ಎತ್ತೋದು ನಿಲ್ಲಿಸಬೇಡಿ. ಮೊದಲು ಅವನನ್ನು ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ತೋರಿಸಿ. ಇದಕ್ಕೆ ಇರುವ ಚಿಕಿತ್ಸೆಯಲ್ಲಿ, ಹೆದರಿಕೆ ಹುಟ್ಟಿಸುವ ಯೋಚನೆ ಬಂದರೂ ಪ್ರಾರ್ಥನೆಯನ್ನು ಮತ್ತೆ ಮಾಡದೆ ಇರುವ ಅಭ್ಯಾಸವನ್ನು ಹಂತಹಂತವಾಗಿ ಕಲಿಸುತ್ತಾರೆ. ಆ ಚಿಕಿತ್ಸೆಗೆ ಧರ್ಮಗುರುವೊಬ್ಬರ ನೆರವು ಬೇಕಾಗುತ್ತೆ. ‘ದಿನಕ್ಕೆ ಒಂದೇ ಸಲ ಪ್ರಾರ್ಥನೆ, ತಪ್ಪಿದರೂ ತಿದ್ದುವಂತಿಲ್ಲ’ ಎಂದು ಅವರು ಒಮ್ಮೆ, ಒಂದೇ ಒಮ್ಮೆ, ಅಪ್ಪಣೆ ಕೊಡಬೇಕು. ಆಮೇಲೆ ಯಾರಿಗೆ ಫೋನ್ ಬಂದರೂ ಉತ್ತರ ಒಂದೇ: ‘ಇದು ಆ ಕಾಯಿಲೆಯ ಪ್ರಶ್ನೆ ಇರಬಹುದು, ಅದಕ್ಕೆ ನಾನು ಉತ್ತರ ಕೊಡೋದಿಲ್ಲ. ಊಟ ಆಯ್ತಾ?’ ಇಪ್ಪತ್ತು ಜನರಲ್ಲಿ ಒಬ್ಬರು ಕರಗಿ ಸಮಾಧಾನ ಹೇಳಿದರೂ ಆ ಒಬ್ಬರಿಗೇ ಹತ್ತೂ ಫೋನ್ ಬರುತ್ತೆ. ಮೊದಲೇ ಎಲ್ಲರೂ ಮಾತಾಡಿಕೊಳ್ಳಿ, ಅವನ ಎದುರಿಗೇ, ಅವನ ಒಪ್ಪಿಗೆಯಿಂದ.

ಗುಳಿಗೆಡಬ್ಬಿ:

ಮನೆಯವರನ್ನು ಎಲ್ಲರೂ ಮರೆತೆವು. ಹಗಲಿರುಳು ಒಬ್ಬರನ್ನೇ ಕಾಯುವವರ ಬಾಯಲ್ಲಿ ಟೀಕೆ, ಸಿಡುಕು ಹೆಚ್ಚುತ್ತೆ. ಸ್ಕಿಜೋಫ್ರೀನಿಯಾ ರೋಗಿಗಳ ಮೇಲಿನ 1976ರ ಪ್ರಸಿದ್ಧ ಬ್ರಿಟಿಷ್ ಅಧ್ಯಯನದಲ್ಲಿ, ಅಂಥ ಮನೆಯಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದವರಿಗೆ ಕಾಯಿಲೆ ಮರುಕಳಿಸಿದ್ದು ಹೆಚ್ಚು. ಕೂಟದವರು ಸರದಿ ಹಾಕಿಕೊಂಡು ವಾರಕ್ಕೆ ನಾಲ್ಕು ಸಲ ಎರಡೆರಡು ಗಂಟೆ ಅವರ ಜೊತೆ ವಾಕಿಂಗೋ ಕೇರಂ ಆಟವೋ ಅಂತ ಇದ್ದರೆ ಮನೆಯವರಿಗೆ ಎಂಟು ಗಂಟೆ ಬಿಡುವು. ಆ ಹೊತ್ತಲ್ಲಿ ಉಪದೇಶ ಮಾಡುವುದಿಲ್ಲ ಅಂತ ಮಾತು ಕೊಟ್ಟವರನ್ನು ಮಾತ್ರ ಸರದಿಗೆ ಸೇರಿಸಿ.

ಸಂಜೆಕೂಟ:

ಸರಿ. ಕೂಟವನ್ನು ಆರಕ್ಕೆ ಶುರುಮಾಡಿ ಏಳೂಕಾಲಿಗೆ ಮುಗಿಸುತ್ತೇವೆ. ಒಂಬತ್ತರ ಫೋನ್ ಹಿರಿಯರಿಗೆ. ಹಾಳೆ ಈ ಭಾನುವಾರ ಅವರ ಮನೆಯಲ್ಲಿ ಕೂತು ಬರೆಯುತ್ತೇವೆ. ಯುವಕನ ತಂದೆತಾಯಿ ಜೊತೆ ಮಾತಾಡಲು ಮೊದಲು ಅವನನ್ನೇ ಕೇಳಬೇಕು, ಅದನ್ನು ನಾಳೆ. ಅವರು ಮೊದಲ ದಿನ ಬಂದಾಗ ಬೇರೇನಾದರೂ ನೆನಪಿಡಬೇಕಾ?

ಹಗಲುಪಾಳಿ:

ಕುರ್ಚಿ ಬಾಗಿಲ ಹತ್ತಿರ ಹಾಕಿ. ಲಿಥಿಯಂ ಬಾಯಾರಿಕೆ ತರಿಸುತ್ತೆ, ಬಾತ್‌ರೂಮಿಗೂ ಆಗಾಗ ಏಳಬೇಕಾಗುತ್ತೆ, ನಡುವಿನ ಸಾಲಿನಿಂದ ಎದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ. ಕುರ್ಚಿ ಪಕ್ಕ ಒಂದು ಬಾಟಲಿ ನೀರು ಇಡಿ. ಕೈ ಸ್ವಲ್ಪ ನಡುಗಬಹುದು, ಹಾಗಾಗಿ ಮೊದಲ ದಿನವೇ ದೀಪವೋ ತುಂಬಿದ ಬಟ್ಟಲೋ ಅವರ ಕೈಗೆ ಕೊಡಬೇಡಿ.